ಅಂಗಡಿಯಿಂದ ಹಾರಿದ 50 ಬೆಳವಗಳು ಅಮೆರಿಕ ತುಂಬಿದ್ದು ಹೇಗೆ?

1970ರ ದಶಕದ ನಡುಭಾಗ. ಬಹಾಮಾಸ್ ದ್ವೀಪಗಳ ನಸ್ಸೌ ಪಟ್ಟಣದಲ್ಲಿ ಸಾಕುಹಕ್ಕಿ ಮಾರುವ ಒಂದು ಅಂಗಡಿಗೆ ಕಳ್ಳರು ನುಗ್ಗಿದರು. ಆ ಗಲಾಟೆಯಲ್ಲಿ ಕೆಲವು ಬೆಳವಗಳು ತಪ್ಪಿಸಿಕೊಂಡವು. ಆಮೇಲೆ ಅಂಗಡಿಯವರು ಉಳಿದವನ್ನೂ ಬಿಟ್ಟುಬಿಟ್ಟರು. ಎಲ್ಲ ಸೇರಿ ಸುಮಾರು 50 ಹಕ್ಕಿ. ಇವತ್ತು ಫ್ಲೋರಿಡಾದಿಂದ ಹಿಡಿದು ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಪಶ್ಚಿಮ ಕೆನಡಾದವರೆಗೆ ಕರೆಂಟ್ ತಂತಿಗಳ ಮೇಲೆ ಕೂತು ಕೂಗುವ ಯುರೇಷಿಯನ್ ಕಾಲರ್ಡ್ ಡವ್‌ಗಳ ಕಥೆ ಮುಖ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ. ಮುಂದೆ ಬೇರೆ ಕಡೆ ಪಂಜರದಿಂದ ಹೊರಬಿದ್ದ ಹಕ್ಕಿಗಳೂ ಇವುಗಳ ಜೊತೆ ಸೇರಿಕೊಂಡವು.

ಈ ಬೆಳವ ನಮಗೆ ಹೊಸದಲ್ಲ. ತಿಳಿ ಬೂದು ಮೈ, ಕತ್ತಿನ ಹಿಂದೆ ತೆಳುವಾದ ಕಪ್ಪು ಪಟ್ಟಿ. ನಮ್ಮ ಬಯಲುಸೀಮೆಯ ಒಣ ಹೊಲಗಳಲ್ಲಿ, ಜಾಲಿ ಮರಗಳಲ್ಲಿ ಕಾಣುವ ಹಕ್ಕಿ. ಮಲೆನಾಡಿನ ದಟ್ಟ ಕಾಡು ಇದಕ್ಕೆ ಒಗ್ಗುವುದಿಲ್ಲ. ಭಾರತ ಮತ್ತು ಅದರ ಅಕ್ಕಪಕ್ಕದ ನಾಡುಗಳೇ ಇದರ ಮೂಲ ನೆಲೆ ಎನ್ನುತ್ತಾರೆ ತಿಳಿದವರು. ಹಾಗಾಗಿ ಡಲ್ಲಾಸ್‌ನಲ್ಲೋ ಫೀನಿಕ್ಸ್‌ನಲ್ಲೋ ಇರುವ ಕನ್ನಡಿಗರು ಮನೆ ಮುಂದಿನ ತಂತಿಯ ಮೇಲೆ ಇದನ್ನು ಕಂಡರೆ, ಅದು ನಮ್ಮೂರ ಕಡೆಯ ಹಕ್ಕಿಯೇ. ಸುತ್ತು ದಾರಿ ಹಿಡಿದು ಅಲ್ಲಿಗೆ ಸೇರಿದೆ ಅಷ್ಟೇ.

ಈ ದಾರಿ ನಮಗೆ ಇಷ್ಟು ವಿವರವಾಗಿ ತಿಳಿದಿರುವುದು ಯಾವುದೋ ಸರ್ಕಾರಿ ಇಲಾಖೆ ಬೆನ್ನು ಹತ್ತಿದ್ದರಿಂದ ಅಲ್ಲ. ಹಿತ್ತಲಲ್ಲಿ ಕಂಡ ಹಕ್ಕಿಯನ್ನು ದಿನಾಂಕ, ಜಾಗ, ಸಂಖ್ಯೆ ಸಮೇತ ಬರೆದಿಟ್ಟ ಸಾವಿರಾರು ಸಾಮಾನ್ಯ ಜನರಿಂದ. ಅದಕ್ಕೇ ಇದನ್ನು ವಿವರವಾಗಿ ಹೇಳಬೇಕು ಅನಿಸುತ್ತದೆ.

ಮೊದಲು ಯುರೋಪ್. 1838ರಲ್ಲಿ ಹಂಗೇರಿಯ ನಿಸರ್ಗ ವಿಜ್ಞಾನಿ ಇಮ್ರೆ ಫ್ರಿವಾಲ್ಡ್‌ಸ್ಕಿ ಈ ಬೆಳವಕ್ಕೆ ವೈಜ್ಞಾನಿಕ ಹೆಸರು ಕೊಟ್ಟಾಗ, ಅವರ ಕೈಲಿದ್ದ ಮಾದರಿ ಇಂದಿನ ಬಲ್ಗೇರಿಯಾದ ಪ್ಲೋವ್‌ಡಿವ್‌ನದು. ಯುರೋಪಿನಲ್ಲಿ ಆಗ ಅದಿದ್ದದ್ದು ಟರ್ಕಿ, ಬಾಲ್ಕನ್ ಕಡೆ ಮಾತ್ರ. ಬಹಳ ಕಾಲ ಅಲ್ಲೇ ಉಳಿಯಿತು. ಆಮೇಲೆ 1930ರ ದಶಕದಲ್ಲಿ ಏಕಾಏಕಿ ವಾಯುವ್ಯಕ್ಕೆ ಹೊರಟಿತು. ನೆದರ್ಲೆಂಡ್ಸ್‌ಗೆ 1947, ಡೆನ್ಮಾರ್ಕ್‌ಗೆ 1948, ಸ್ವೀಡನ್‌ಗೆ 1949. ಇಂಗ್ಲೆಂಡಿನ ನಾರ್ಫೊಕ್‌ನ ಕ್ರೋಮರ್ ಬಳಿ 1955ರಲ್ಲಿ ಗೂಡು ಕಟ್ಟಿತು.

ಬ್ರಿಟನ್ನಿನಲ್ಲಿ ಹಕ್ಕಿ ನೋಡುವವರ ಸಂಖ್ಯೆ ಮೊದಲಿನಿಂದಲೂ ಜಾಸ್ತಿ. ಹೊಸ ಹಕ್ಕಿ ಬಂದಿದೆ ಅಂತ ಗೊತ್ತಾದ ಮೇಲೆ ಪ್ರತಿ ಕೌಂಟಿಯಲ್ಲೂ ಜನ ಕಣ್ಣಿಟ್ಟು ಕಾದರು. ಆ ವರದಿಗಳನ್ನೆಲ್ಲ ಒಟ್ಟು ಸೇರಿಸಿ ರಾಬರ್ಟ್ ಹಡ್ಸನ್ 1965ರಲ್ಲಿ 'ಬ್ರಿಟಿಷ್ ಬರ್ಡ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. 1955ರಲ್ಲಿ ಬೆರಳೆಣಿಕೆಯಷ್ಟಿದ್ದ ಹಕ್ಕಿ 1964ರ ಹೊತ್ತಿಗೆ ಸುಮಾರು 19,000 ಆಗಿತ್ತು. ಒಂಬತ್ತೇ ವರ್ಷ!

ಅಮೆರಿಕದಲ್ಲಿ ಹಾಗಾಗಲಿಲ್ಲ. ಅಲ್ಲಿ ಹಕ್ಕಿ ಬಂದಿದ್ದೇ ಯಾರಿಗೂ ತಿಳಿಯಲಿಲ್ಲ. ಬಹಾಮಾಸ್‌ನ ಪಶ್ಚಿಮದ ಬಿಮಿನಿ ದ್ವೀಪದಿಂದ ಫ್ಲೋರಿಡಾ ತೀರಕ್ಕೆ 80 ಕಿಲೋಮೀಟರ್ ಆಸುಪಾಸು. 1980ರ ದಶಕದ ಮೊದಲಿಗೆ ಮಯಾಮಿಯ ದಕ್ಷಿಣಕ್ಕಿರುವ ಹೋಮ್‌ಸ್ಟೆಡ್, ಕೀ ಲಾರ್ಗೊ ಕಡೆಗಳಲ್ಲಿ ಬೂದು ಬೆಳವಗಳು ಓಡಾಡುತ್ತಿದ್ದವು. ನೋಡಿದವರು ಇದ್ದರು. ಬರೆದವರೂ ಇದ್ದರು. ಆದರೆ ಬರೆದದ್ದು ಬೇರೆ ಹೆಸರು. ಪಂಜರದಲ್ಲಿ ಸಾಕುವ ರಿಂಗ್ಡ್ ಟರ್ಟಲ್ ಡವ್ ಎಂಬ ಬೆಳವಕ್ಕೂ ಕತ್ತಿನಲ್ಲಿ ಇಂಥದೇ ಪಟ್ಟಿ ಇರುತ್ತದೆ. ಅದು ಆಫ್ರಿಕಾ ಮೂಲದ ಸಾಕುಹಕ್ಕಿ. ಅಲ್ಲಲ್ಲಿ ತಪ್ಪಿಸಿಕೊಂಡು ಊರ ನಡುವೆ ಇರುತ್ತಿತ್ತು. ಪಟ್ಟಿ ಕಂಡ ಕೂಡಲೇ ಜನ 'ಓ, ಅದೇ ಸಾಕಿದ್ದು' ಅಂದುಕೊಂಡರು. ಪಂಜರದ ಹಕ್ಕಿಯನ್ನು ಯಾರು ದುರ್ಬೀನು ಹಿಡಿದು ನೋಡುತ್ತಾರೆ ಹೇಳಿ?

ಸರಿಯಾಗಿ ನೋಡಿದರೆ ವ್ಯತ್ಯಾಸ ಇದೆ. ಕಾಲರ್ಡ್ ಡವ್ ದಪ್ಪ, ಬಣ್ಣ ತುಸು ಗಾಢ. ರೆಕ್ಕೆಯ ತುದಿ ಕಡುಗಪ್ಪು. ಬಾಲದ ಬುಡದಡಿಯ ಪುಕ್ಕ ಬೂದು; ಸಾಕುಹಕ್ಕಿಯದು ಬಿಳಿ. ಎಲ್ಲಕ್ಕಿಂತ ಸುಲಭ ಗುರುತು ಕೂಗು. ಕಾಲರ್ಡ್ ಡವ್ ಮೂರು ತುಂಡಾಗಿ ಕೂಗುತ್ತದೆ: ಕು-ಕೂ-ಕು, ನಡುವಿನದು ಉದ್ದ. ಇನ್ನೊಂದರ ಕೂಗು ಬೇರೆಯೇ. ಹಕ್ಕಿ ವೀಕ್ಷಕ ಪಿ. ವಿಲಿಯಂ ಸ್ಮಿತ್ ಈ ಗುರುತುಗಳನ್ನೆಲ್ಲ ಜೋಡಿಸಿ ನೋಡಿದರು. ನಸ್ಸೌ ಕಡೆಯ ಕಥೆಯನ್ನೂ ಹುಡುಕಿ ತೆಗೆದರು. 1987ರಲ್ಲಿ 'ಅಮೆರಿಕನ್ ಬರ್ಡ್ಸ್' ಪತ್ರಿಕೆಯಲ್ಲಿ ವಿಷಯ ಹೊರಬಂತು. ಅಷ್ಟು ಹೊತ್ತಿಗೆ ದಕ್ಷಿಣ ಫ್ಲೋರಿಡಾದಲ್ಲಿ ಹಕ್ಕಿ ಬೇರೂರಿ ವರ್ಷಗಳೇ ಆಗಿದ್ದವು.

ಈ ತಪ್ಪಿಗೆ ಒಂದು ಬೆಲೆ ಇದೆ. ಆ ಆರಂಭದ ವರ್ಷಗಳ ಎಷ್ಟೋ ದಾಖಲೆಗಳಲ್ಲಿ ಇರುವುದು ಯಾವ ಬೆಳವ ಎಂದು ಈಗ ಬಿಡಿಸಿ ಹೇಳಲು ಆಗದು. ಹೆಸರು ಮಾತ್ರ ಬರೆದಿದ್ದರೆ ಅದನ್ನು ತಿದ್ದುವ ದಾರಿಯೇ ಇಲ್ಲ. ಫೋಟೊ ಇದ್ದರೆ, ಕೂಗಿನ ವಿವರ ಇದ್ದರೆ ಉಪಯೋಗಕ್ಕೆ ಬರುತ್ತದೆ. ಇವತ್ತು, ಜನ ತಾವು ಕಂಡ ಹಕ್ಕಿಗಳನ್ನು ಬರೆದು ಹಾಕುವ ಜಾಲತಾಣವಾದ ಇ-ಬರ್ಡ್‌ನಲ್ಲಿ ಅಪರೂಪದ ಹಕ್ಕಿ ಹಾಕಿದರೆ ಅಲ್ಲಿನ ಸ್ವಯಂಸೇವಕರು ಬಂದು 'ಫೋಟೊ ಇದೆಯಾ, ಏನೇನು ಗುರುತು ಕಂಡಿರಿ' ಅಂತ ಕೇಳುತ್ತಾರಲ್ಲ, ಅದರಿಂದ ಹೊಸಬರಿಗೆ ಬೇಜಾರಾಗುವುದುಂಟು. ಆ ಪ್ರಶ್ನೆ ಎಷ್ಟು ಮುಖ್ಯ ಅನ್ನುವುದು ಫ್ಲೋರಿಡಾದ ಆ ವರ್ಷಗಳನ್ನು ನೋಡಿದರೆ ಗೊತ್ತಾಗುತ್ತದೆ.

ಗುರುತು ಸಿಕ್ಕ ಮೇಲೆ ಲೆಕ್ಕ ಓಡಿತು. ಅದಕ್ಕೆ ಬೇಕಾದ ಏರ್ಪಾಡು ಅಮೆರಿಕದಲ್ಲಿ ಆಗಲೇ ಇತ್ತು. ಫ್ರಾಂಕ್ ಚಾಪ್‌ಮನ್ 1900ರಲ್ಲಿ ಶುರುಮಾಡಿದ ಕ್ರಿಸ್‌ಮಸ್ ಹಕ್ಕಿ ಗಣತಿ ಅದರಲ್ಲಿ ಹಳೆಯದು. ಹಬ್ಬದ ದಿನ ಗುಂಪು ಕಟ್ಟಿಕೊಂಡು ಹಕ್ಕಿ ಹೊಡೆಯುವ ರೂಢಿಗೆ ಬದಲಾಗಿ, ಹಕ್ಕಿ ಎಣಿಸೋಣ ಎಂದು ಅವರು ಕರೆ ಕೊಟ್ಟರು. ಮೊದಲ ವರ್ಷ ಎಣಿಸಿದವರು 27 ಜನ. ಈಗ 24 ಕಿ.ಮೀ. ಅಡ್ಡಳತೆಯ ಒಂದೊಂದು ವೃತ್ತದಲ್ಲಿ ಪ್ರತಿ ಚಳಿಗಾಲ ಒಂದು ದಿನ ಸುತ್ತಿ ಎಣಿಸುತ್ತಾರೆ. ಆಮೇಲೆ ಬಂದದ್ದು ಪ್ರಾಜೆಕ್ಟ್ ಫೀಡರ್‌ವಾಚ್. ಕೆನಡಾದ ಒಂಟಾರಿಯೊದಲ್ಲಿ ಹುಟ್ಟಿ, 1987ರಲ್ಲಿ ಇಡೀ ಖಂಡಕ್ಕೆ ಹಬ್ಬಿತು. ಮನೆ ಹಿತ್ತಲಲ್ಲಿ ಕಾಳು ಹಾಕುವವರು ಚಳಿಗಾಲದಲ್ಲಿ ಫೀಡರ್‌ಗೆ ಬರುವ ಹಕ್ಕಿಗಳನ್ನು ಗೊತ್ತುಪಡಿಸಿದ ದಿನಗಳಂದು ಎಣಿಸುತ್ತಾರೆ. ಒಂದೇ ಹಕ್ಕಿ ಹತ್ತು ಸಲ ಬಂದರೆ ಹತ್ತು ಅಂತ ಬರೆಯುವಂತಿಲ್ಲ. ಒಂದೇ ಹೊತ್ತಿಗೆ ಕಂಡ ಹೆಚ್ಚಿನ ಸಂಖ್ಯೆಯಷ್ಟೇ ಲೆಕ್ಕ. 2002ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಹಕ್ಕಿ ಅಧ್ಯಯನ ಕೇಂದ್ರ (ಕಾರ್ನೆಲ್ ಲ್ಯಾಬ್) ಮತ್ತು ಹಕ್ಕಿ ಸಂರಕ್ಷಣೆಯ ಸಂಸ್ಥೆ ಆಡುಬಾನ್ ಸೇರಿ ಇ-ಬರ್ಡ್ ತಂದವು.

ಮೂರೂ ಕಡೆಯ ಮಾಹಿತಿ ಸೇರಿಸಿದಾಗ ಕಂಡ ಚಿತ್ರ ಕುತೂಹಲದ್ದು. ಹಕ್ಕಿ ಒಂದೊಂದೇ ಜಿಲ್ಲೆ ತುಂಬಿಕೊಂಡು ನಿಧಾನವಾಗಿ ಮುಂದೆ ಹೋಗಲಿಲ್ಲ. ಮೊದಲು ಒಂದೆರಡು ಹಕ್ಕಿ ನೂರಾರು ಕಿಲೋಮೀಟರ್ ಮುಂದಕ್ಕೆ ಜಿಗಿದವು. ಅಲ್ಲೊಂದು ಸಣ್ಣ ನೆಲೆ ಆಯಿತು. ನಡುವಿನ ಖಾಲಿ ಜಾಗ ಆಮೇಲೆ ತುಂಬಿತು. 1990ರ ದಶಕದಲ್ಲಿ ಗಲ್ಫ್ ಕರಾವಳಿ ಹಿಡಿದು ಟೆಕ್ಸಾಸ್, ಆ ದಶಕ ಮುಗಿಯುವುದರೊಳಗೆ ಕೊಲರಾಡೊ. ಅಲ್ಲಿಂದ ಮುಂದೆ ನಡುನಾಡಿನ ಬಯಲು, ರಾಕಿ ಪರ್ವತದ ತಪ್ಪಲು, ಪೆಸಿಫಿಕ್ ಕರಾವಳಿ. ಬಯಲು ರಾಜ್ಯಗಳಲ್ಲಿ ಧಾನ್ಯ ಶೇಖರಿಸುವ ದೊಡ್ಡ ಕಣಜಗಳಿರುವ ಸಣ್ಣ ಊರುಗಳಿಗೆ ಹೋದರೆ ಈ ಬೆಳವ ಸಿಗುತ್ತದೆ ಅಂತ ಹಕ್ಕಿ ನೋಡುವವರು ಬೇಗ ಕಂಡುಕೊಂಡರು. ಚೆಲ್ಲಿದ ಕಾಳು, ಸುತ್ತ ನಾಲ್ಕು ಮರ, ಕೂರಲು ತಂತಿ. ಇಷ್ಟಿದ್ದರೆ ಅದಕ್ಕೆ ಸಾಕು.

ಇಷ್ಟು ವೇಗ ಹೇಗೆ ಸಾಧ್ಯ? ಒಂದು ಸಲಕ್ಕೆ ಇಡುವುದು ಎರಡೇ ಮೊಟ್ಟೆ. ಆದರೆ ಬೆಚ್ಚಗಿನ ಕಡೆ ವರ್ಷದುದ್ದಕ್ಕೂ ಗೂಡು ಕಟ್ಟುತ್ತದೆ. ಹಳೆ ಮರಿಗಳು ಇನ್ನೂ ತುತ್ತು ಕೇಳುತ್ತಿರುವಾಗಲೇ ಮುಂದಿನ ಮೊಟ್ಟೆ ಇಟ್ಟಿರುತ್ತದೆ. ಮರಿಗಳಿಗೆ ಹುಳು ಹುಡುಕುವ ಕಷ್ಟವೂ ಇಲ್ಲ. ಬೆಳವಗಳು ಗಂಟಲ ಚೀಲದಲ್ಲಿ ಹಾಲಿನಂಥ ಆಹಾರ ತಯಾರಿಸಿ ಉಣಿಸುತ್ತವೆ. ಬೆಳೆದ ಮರಿಗಳು ಹುಟ್ಟಿದ ಜಾಗ ಬಿಟ್ಟು ದೂರ ಹೋಗುತ್ತವೆ. ಯುರೋಪಿನಲ್ಲಿ ಕಾಲಿಗೆ ಉಂಗುರ ಹಾಕಿದ ಹಕ್ಕಿಗಳು ಆಮೇಲೆ ಸಿಕ್ಕಿದ್ದೂ ಹೆಚ್ಚಾಗಿ ಪಶ್ಚಿಮ, ವಾಯುವ್ಯ ದಿಕ್ಕಿನಲ್ಲೇ. ಅಮೆರಿಕದಲ್ಲೂ ಅದೇ ದಿಕ್ಕು. ಹಾಗೇಕೆ ಅನ್ನುವ ಬಗ್ಗೆ ವಿಜ್ಞಾನಿಗಳಲ್ಲಿ ಇವತ್ತಿಗೂ ಒಮ್ಮತ ಇಲ್ಲ.

ಇಲ್ಲೊಂದು ಪ್ರಶ್ನೆ ಬರಲೇಬೇಕು. ಹೆಚ್ಚಾಗಿದ್ದು ಹಕ್ಕಿಯೋ, ಹಕ್ಕಿ ನೋಡುವವರೋ? ಇ-ಬರ್ಡ್ ಬಂದ ಮೇಲೆ ವರದಿ ಮಾಡುವವರ ಸಂಖ್ಯೆ ವಿಪರೀತ ಏರಿತು. 2021ರಲ್ಲಿ ಅಲ್ಲಿನ ದಾಖಲೆಗಳು ನೂರು ಕೋಟಿ ದಾಟಿದವು. ಜನ ಜಾಸ್ತಿಯಾದರೆ ಯಾವ ಹಕ್ಕಿಯ ವರದಿಯೂ ಜಾಸ್ತಿಯಾಗುತ್ತದೆ. ಅದಕ್ಕೇ ಬರೀ ಒಟ್ಟು ಸಂಖ್ಯೆ ನೋಡಿ ಏನೂ ಹೇಳುವುದಿಲ್ಲ. ಕ್ರಿಸ್‌ಮಸ್ ಗಣತಿಯಲ್ಲಿ ಎಷ್ಟು ತಂಡ ಎಷ್ಟು ಗಂಟೆ ಸುತ್ತಿತು ಎಂದು ಬರೆಯುತ್ತಾರೆ. ಕಂಡ ಹಕ್ಕಿಯನ್ನು ಆ ಗಂಟೆಗಳಿಂದ ಭಾಗಿಸುತ್ತಾರೆ. ಇ-ಬರ್ಡ್‌ನಲ್ಲಿ 'ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಹಾಕಿದ್ದೀರಾ' ಎಂಬ ಪ್ರಶ್ನೆ ಇರುವುದೂ ಇದಕ್ಕೇ. ಹೌದು ಎಂದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಂದು ಕಾಣಲಿಲ್ಲ ಎಂದು ತಿಳಿಯಬಹುದು. ಆಗ ನೂರು ಪೂರ್ಣ ಪಟ್ಟಿಗಳಲ್ಲಿ ಎಷ್ಟರಲ್ಲಿ ಈ ಬೆಳವ ಇದೆ ಅಂತ ವರ್ಷ ವರ್ಷ ಹೋಲಿಸಬಹುದು. ನೋಡುವವರು ಹತ್ತು ಪಟ್ಟಾದರೂ ಈ ಪಾಲು ತನ್ನಷ್ಟಕ್ಕೆ ಏರುವುದಿಲ್ಲ. ನಮ್ಮಲ್ಲೂ ಇದೇ ದಾರಿಯಲ್ಲಿ ಕೆಲಸ ನಡೆಯುತ್ತಿದೆ. ಭಾರತದ ಹಕ್ಕಿಗಳ ಸ್ಥಿತಿಯ ಬಗ್ಗೆ 2023ರಲ್ಲಿ ಬಂದ ವರದಿ ಸುಮಾರು 30,000 ಹವ್ಯಾಸಿಗಳ 3 ಕೋಟಿ ದಾಖಲೆಗಳ ಮೇಲೆ ನಿಂತಿದೆ. ನವಿಲು ಕೇರಳದ ತುಂಬ ಹಬ್ಬಿದ್ದು ಹೀಗೇ ಪಟ್ಟಿಗಳಿಂದ ಸ್ಪಷ್ಟವಾಯಿತು.

ಹೊರಗಿನಿಂದ ಬಂದ ಹಕ್ಕಿ ಎಂದ ಮೇಲೆ ಅಲ್ಲಿನ ಮೂಲ ಹಕ್ಕಿಗಳ ಗತಿ ಏನು ಎಂಬ ಚಿಂತೆ ಸಹಜ. ಫೀಡರ್‌ನಲ್ಲಿ ಇದು ಬೇರೆ ಹಕ್ಕಿಗಳನ್ನು ಓಡಿಸುವುದನ್ನು ಬಹಳ ಜನ ಕಂಡಿದ್ದಾರೆ. ಅಮೆರಿಕದ ಮೋರ್ನಿಂಗ್ ಡವ್‌ಗೆ ಕುತ್ತು ಬಂತು ಎಂದೇ ಹಲವರು ನಂಬಿದ್ದರು. ಆದರೆ ಫೀಡರ್‌ವಾಚ್ ಮಾಹಿತಿ ಹಿಡಿದು 2010ರಲ್ಲಿ ಪ್ರಕಟವಾದ ಅಧ್ಯಯನ ಫ್ಲೋರಿಡಾದಲ್ಲಿ ಅಂಥ ಹಾನಿ ಕಾಣಲಿಲ್ಲ ಎಂದಿತು. ಕಾಲರ್ಡ್ ಡವ್ ಇರುವ ಕಡೆ ಉಳಿದ ಬೆಳವಗಳೂ ಚೆನ್ನಾಗಿಯೇ ಇದ್ದವು. ಬಹುಶಃ ಮನುಷ್ಯ ಬದಲಿಸಿದ ಜಾಗ ಇವೆಲ್ಲಕ್ಕೂ ಹಿಡಿಸುತ್ತದೆ. ಅದೇನೇ ಇರಲಿ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಬೇಟೆಗಾರರು ಮೋರ್ನಿಂಗ್ ಡವ್ ಹೊಡೆಯಲು ದಿನಕ್ಕೆ ಇಷ್ಟೇ ಎಂಬ ಮಿತಿ ಇದೆ, ಕಾಲರ್ಡ್ ಡವ್‌ಗೆ ಇಲ್ಲ. ನನಗಂತೂ ಒಂದು ಹಕ್ಕಿಯನ್ನು ಹೊರಗಿನದು ಎಂಬ ಒಂದೇ ಕಾರಣಕ್ಕೆ ದೂರುವ ಮೊದಲು ಇಂಥ ಲೆಕ್ಕ ನೋಡುವುದು ನ್ಯಾಯ ಅನಿಸುತ್ತದೆ.

ಒಂದು ಒಗಟು ಉಳಿದಿದೆ. ಅಮೆರಿಕದ ಈಶಾನ್ಯ ಮೂಲೆ, ಅಂದರೆ ನ್ಯೂಯಾರ್ಕ್, ನ್ಯೂ ಇಂಗ್ಲೆಂಡ್ ಕಡೆ ಈ ಬೆಳವ ಇವತ್ತಿಗೂ ಅಪರೂಪ. ಚಳಿ ಕಾರಣವಾಗಲಾರದು. ಮೊಂಟಾನಾದ ಕೊರೆಯುವ ಚಳಿಯಲ್ಲೂ ಅದು ಬಾಳುತ್ತಿದೆ. ದಿಕ್ಕಿನ ಒಲವು ಒಂದು ಕಾರಣ ಇರಬಹುದು. ಕಾಡು ಇನ್ನೊಂದು: ಫೀಡರ್‌ವಾಚ್ ಅಧ್ಯಯನದಲ್ಲೂ ಸುತ್ತ ಮರಗಳ ಹೊದಿಕೆ ಹೆಚ್ಚಿರುವ ಹಿತ್ತಲುಗಳಲ್ಲಿ ಇದು ಸಿಗುವುದು ಕಡಿಮೆ. ನಮ್ಮ ಮಲೆನಾಡಿನಲ್ಲಿ ಇದು ಕಾಣದಿರುವುದು ನೆನಪಾಗುತ್ತದೆ, ಅಲ್ವಾ?

ಬ್ರಿಟನ್ನಿನಲ್ಲಿ ಈಗ ಕಥೆ ತಿರುಗಿದೆ. ದಶಕಗಳ ಕಾಲ ಏರಿದ ಸಂಖ್ಯೆ ಈ ಶತಮಾನದ ಮೊದಲ ದಶಕದಿಂದೀಚೆಗೆ ಇಳಿಯತೊಡಗಿದೆ. ಬೆಳವ, ಪಾರಿವಾಳಗಳ ಗಂಟಲಿಗೆ ಬರುವ ಟ್ರೈಕೊಮೊನೋಸಿಸ್ ಎಂಬ ರೋಗದ ಮೇಲೆ ಕೆಲವರಿಗೆ ಅನುಮಾನ. ಇಳಿಕೆ ತಿಳಿದದ್ದು ಸಾಮಾನ್ಯ ಹಕ್ಕಿಯನ್ನೂ ಸಂಖ್ಯೆ ಸಮೇತ ಬರೆದವರಿಂದ. ಇ-ಬರ್ಡ್‌ನಲ್ಲಿ ಸಂಖ್ಯೆಯ ಬದಲು 'ಎಕ್ಸ್' ಅಂತ ಸುಮ್ನೆ ಹಾಕುವ ಅವಕಾಶ ಇದೆ. ಹಕ್ಕಿ ಇತ್ತು ಅನ್ನುವುದು ಅದರಿಂದ ಗೊತ್ತಾಗುತ್ತದೆ. ಹತ್ತಿದ್ದದ್ದು ನಾಲ್ಕಕ್ಕೆ ಇಳಿಯಿತು ಅನ್ನುವುದು ಗೊತ್ತಾಗುವುದಿಲ್ಲ. ಕೊಪ್ಪಳದ ಹೊಲದಲ್ಲೋ ಟೆಕ್ಸಾಸ್‌ನ ತಂತಿಯ ಮೇಲೋ ಇವನ್ನು ಕಂಡಾಗ ಎಣಿಸಿ ಅಂಕಿಯನ್ನೇ ಹಾಕಿ. ಅಂದಾಜು ಆದರೂ ಆದೀತು.