ಡ್ರೈನ್ ಚೀಲದ ಬಣ್ಣ

"ಆಪರೇಷನ್ ಸಕ್ಸಸ್ ಆಯಿತಲ್ಲ ಡಾಕ್ಟರೇ?" ಥಿಯೇಟರಿನ ಹೊರಗೆ ಆರೇಳು ಗಂಟೆ ಕಾದವರು ಮೊದಲು ಕೇಳುವುದು ಇದನ್ನೇ. ವಿಪ್ಪಲ್ ಶಸ್ತ್ರಚಿಕಿತ್ಸೆಯ ನಂತರ ನಾನು ತಕ್ಷಣ ಹೌದು ಎನ್ನುವುದಿಲ್ಲ. "ಗಡ್ಡೆ ತೆಗೆದಿದ್ದೇವೆ, ಇನ್ನು ಹತ್ತು ಹದಿನೈದು ದಿನ ಕಣ್ಣಿಟ್ಟು ಕಾಯಬೇಕು" ಎನ್ನುತ್ತೇನೆ.

ಇದರಲ್ಲಿ ಮೇದೋಜೀರಕ ಗ್ರಂಥಿಯ ತಲೆಭಾಗ, ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಕೆಳತುದಿ ಎಲ್ಲವನ್ನೂ ತೆಗೆದು ಮೂರು ಕಡೆ ಹೊಸದಾಗಿ ಜೋಡಿಸುತ್ತೇವೆ. ನನ್ನ ನಿದ್ದೆ ಕೆಡಿಸುವುದು ಉಳಿದ ಗ್ರಂಥಿಯನ್ನು ಕರುಳಿಗೆ ಹೊಲಿದ ಜಾಗ. ಹಳೆಯ ಉರಿಯೂತದಿಂದ ಗಟ್ಟಿಯಾದ ಗ್ರಂಥಿ ಹೊಲಿಗೆಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಆರೋಗ್ಯವಾಗಿರುವ ಗ್ರಂಥಿಯೋ ಬೆಣ್ಣೆಯಷ್ಟು ಮೆದು. ದಾರವನ್ನು ಸ್ವಲ್ಪ ಬಿಗಿದರೂ ಸೀಳುತ್ತದೆ. ಅದರ ನಾಳ 3 ಮಿಲಿಮೀಟರಿಗಿಂತ ಕಿರಿದಾಗಿದ್ದರೆ ಆತಂಕ ಇನ್ನೂ ಹೆಚ್ಚು.

ಜೋಡಣೆ ಸೋರಿದರೆ, ಊಟ ಅರಗಿಸಬೇಕಾದ ರಸ ಹೊಟ್ಟೆಯೊಳಗಿನ ಅಂಗಾಂಶವನ್ನೇ ಅರಗಿಸತೊಡಗುತ್ತದೆ. ಮೂರನೆಯ ದಿನ ಅಥವಾ ಆನಂತರ ಡ್ರೈನ್ (ಹೊಟ್ಟೆಯೊಳಗಿನ ದ್ರವವನ್ನು ಹೊರಗಿನ ಚೀಲಕ್ಕೆ ಹರಿಸುವ ಕೊಳವೆ) ದ್ರವದಲ್ಲಿ ಅಮೈಲೇಸ್ ಎಂಬ ಜೀರ್ಣಕಿಣ್ವದ ಪ್ರಮಾಣ ರಕ್ತದ ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದ್ದರೆ ಸೋರಿಕೆ ಇದೆ ಎಂದರ್ಥ. ಆದರೆ ರೋಗಿಗೆ ಅದರಿಂದ ಏನೂ ಬಾಧೆಯಿಲ್ಲದಿದ್ದರೆ, 2016ರ ಅಂತರರಾಷ್ಟ್ರೀಯ ವ್ಯಾಖ್ಯೆಯಂತೆ, ಅದನ್ನು ಫಿಸ್ಟುಲಾ (ಚಿಕಿತ್ಸೆ ಬೇಡುವ ಸೋರುದಾರಿ) ಎಂದು ಕರೆಯುವುದಿಲ್ಲ. ಬಹುಪಾಲು ಸೋರಿಕೆಗಳು ಡ್ರೈನ್ ಕೊಳವೆ ಮತ್ತು ತಾಳ್ಮೆಯಿಂದಲೇ ವಾಸಿಯಾಗುತ್ತವೆ. ಕೊಳವೆಯ ಸಮೇತ ಮನೆಗೆ ಹೋಗಬೇಕಾದರೆ ದಯವಿಟ್ಟು ಎದೆಗುಂದಬೇಡಿ.

ಕೆಲವರಿಗೆ ಜಠರ ವಾರಗಟ್ಟಲೆ ಮುಷ್ಕರ ಹೂಡುತ್ತದೆ. ಗಂಜಿಯೂ ಇಳಿಯದೆ ವಾಂತಿಯಾಗುತ್ತದೆ. ಬೇಸರ ತರಿಸುವ ತೊಂದರೆ, ಸಾಮಾನ್ಯವಾಗಿ ಪ್ರಾಣಾಪಾಯವಲ್ಲ. ಆದರೂ ಒಳಗೆಲ್ಲಾದರೂ ದ್ರವ ನಿಂತಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡುತ್ತೇವೆ.

ನಾನು ನಿಜಕ್ಕೂ ಹೆದರುವುದು ತಡವಾಗಿ ಬರುವ ರಕ್ತಸ್ರಾವಕ್ಕೆ. ಸೋರಿದ ರಸ ಪಕ್ಕದಲ್ಲೇ ಕತ್ತರಿಸಿ ಕಟ್ಟಿದ ಅಪಧಮನಿಯ ತುದಿಯನ್ನು ದಿನದಿನಕ್ಕೆ ಕೊರೆಯುತ್ತದೆ. ದೊಡ್ಡ ಸ್ರಾವಕ್ಕೆ ಮೊದಲು ಅನೇಕ ವೇಳೆ ಒಂದೆರಡು ಚಮಚ ರಕ್ತ ಬಂದು ತಾನಾಗಿ ನಿಂತುಬಿಡುತ್ತದೆ. "ನಿಂತಿತಲ್ಲ" ಎಂದು ಸಮಾಧಾನಪಟ್ಟುಕೊಂಡರೆ ಕೆಟ್ಟೆವು. ಮುಂದಿನ ಸಲ ಅದು ಗಂಟೆಯೊಳಗೆ ಜೀವ ತೆಗೆಯಬಹುದು.

ಹನ್ನೆರಡನೆಯ ದಿನದ ಮುಂಜಾನೆ ಐದಕ್ಕೆ ಒಬ್ಬ ರೋಗಿಯ ಮಗಳು ತಂದೆಯ ಚೀಲದಲ್ಲಿ ಕೆಂಪು ಎಳೆಯೊಂದನ್ನು ಕಂಡಳು. ರೌಂಡ್ಸ್‌ವರೆಗೆ ಕಾಯದೆ ಸಿಸ್ಟರನ್ನು ಎಬ್ಬಿಸಿದಳು. ನಾಡಿ, ರಕ್ತದೊತ್ತಡ ಎರಡೂ ಸರಿಯಾಗಿದ್ದವು. ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಆದ ಸಿ.ಟಿ. ಆಂಜಿಯೋಗ್ರಫಿಯಲ್ಲಿ ಅಪಧಮನಿಯ ತುದಿ ಕಡಲೆಕಾಳಿನಷ್ಟು ಉಬ್ಬಿತ್ತು. ರೇಡಿಯಾಲಜಿಸ್ಟ್ ತೊಡೆಸಂದಿನ ರಕ್ತನಾಳದ ಮೂಲಕ ಸಾಗಿ, ಕಾಯಿಲ್ (ಸಣ್ಣ ಲೋಹದ ಸುರುಳಿ) ಇಟ್ಟು ಅದನ್ನು ಮುಚ್ಚಿದರು. ಹೊಟ್ಟೆಯನ್ನು ಮತ್ತೆ ತೆರೆಯಬೇಕಾಗಲಿಲ್ಲ.

ಅಂದಿನಿಂದ ಡಿಸ್ಚಾರ್ಜ್ ಚೀಟಿಯ ಮೇಲೆ ನಾನೇ ಕೈಯಾರೆ ಬರೆಯುತ್ತೇನೆ: ಒಂದು ಚಮಚ ರಕ್ತ ಕಂಡರೂ, ಮಲ ಕಪ್ಪಗಾದರೂ, ಚಳಿಜ್ವರ ಬಂದರೂ ಬೆಳಗಾಗಲೆಂದು ಕಾಯಬೇಡಿ, ಆಗಲೇ ಹೊರಟು ಬನ್ನಿ.