4ಎಎ ಭ್ರೂಣವೂ ಯಾಕೆ ನಿಲ್ಲೋದಿಲ್ಲ?

ಮುಂಬೈ ಸುತ್ತಿನ ಡೊಂಬಿವಲಿ, ಮುಲುಂಡ್ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಹಾಕೋದು) ಫೇಲಾದರೆ ಅತ್ತೆಯಂದಿರ ಮೊದಲ ಮಾತು, 'ಭ್ರೂಣ ಹಾಕಿಸಿಕೊಂಡ ಮೇಲೂ ಲೋಕಲ್‌ನಲ್ಲಿ ಆಫೀಸಿಗೆ ಓಡಾಡಿದಳಲ್ಲ, ಅದಕ್ಕೇ!' ಪಾಪ, ಟ್ರೈನಿನದೇನೂ ತಪ್ಪಿಲ್ಲ. ಹಾಸಿಗೆ ಬಿಟ್ಟೇಳದೆ ಮಲಗಿದರೂ ಗರ್ಭ ನಿಲ್ಲೋದು ಜಾಸ್ತಿಯಾಗಲ್ಲ.

ಹಾಗಾದರೆ ರಿಪೋರ್ಟಿನಲ್ಲಿ 4ಎಎ ಅಂತ ಇದ್ದ ಭ್ರೂಣ ಯಾಕೆ ಕೈಕೊಟ್ಟಿತು? ಅದು 5ನೇ ದಿನದ ಭ್ರೂಣದ ಮಾರ್ಕ್ಸ್ ಕಾರ್ಡ್ ಅಷ್ಟೆ. 1ರಿಂದ 6ರವರೆಗಿನ ಅಂಕಿ ಭ್ರೂಣ ಎಷ್ಟು ಉಬ್ಬಿದೆ ಅಂತ ಹೇಳುತ್ತದೆ. ಮೊದಲ ಎ ಮುಂದೆ ಮಗುವಾಗುವ ಒಳಗಿನ ಜೀವಕೋಶಗಳಿಗೆ, ಎರಡನೆಯದು ಪ್ಲಾಸೆಂಟಾ ಆಗುವ ಹೊರ ಪದರಕ್ಕೆ. ಲ್ಯಾಬಿನ ಭ್ರೂಣತಜ್ಞ, ಅಂದರೆ ಎಂಬ್ರಿಯಾಲಜಿಸ್ಟ್, ಮೈಕ್ರೋಸ್ಕೋಪಿನಲ್ಲಿ ನೋಡಿ ಕೊಡುವ ಗ್ರೇಡ್ ಇದು, ಇನ್ನೊಬ್ಬ ಎಂಬ್ರಿಯಾಲಜಿಸ್ಟ್ ನೋಡಿ 4ಎಬಿ ಅಂದರೂ ಆಶ್ಚರ್ಯವಿಲ್ಲ. ಗ್ರೇಡ್ ಚೆನ್ನಾಗಿದ್ದರೆ ನಿಲ್ಲುವ ಸಾಧ್ಯತೆ ಜಾಸ್ತಿ, ನಿಜ. ಆದರೆ ಹೀಗೆ ನೋಡಿದರೆ ಕ್ರೋಮೋಸೋಮಿನ ಲೆಕ್ಕ ಸಿಗಲ್ಲ. 46 ಇರಬೇಕಾದಲ್ಲಿ 45 ಅಥವಾ 47 ಇದ್ದರೂ ಭ್ರೂಣ ದುಂಡಗೆ, ಚೆಂದವಾಗಿಯೇ ಕಾಣಬಹುದು. ಭ್ರೂಣ ನಿಲ್ಲದಿರೋದಕ್ಕೆ ದೊಡ್ಡ ಕಾರಣ ಇದೇ. ಈ ಎಡವಟ್ಟು ಹೆಚ್ಚಾಗಿ ಆಗೋದು ಅಂಡಾಣು ಮಾಗುವಾಗ, ವಯಸ್ಸಾದಷ್ಟೂ ಜಾಸ್ತಿ. 42 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಭ್ರೂಣಗಳು ಹೀಗಿರುತ್ತವೆ.

ಈಗ ಭ್ರೂಣದ ಹೊರ ಪದರದಿಂದ ನಾಲ್ಕಾರು ಕೋಶ ತೆಗೆದು ಪಿಜಿಟಿ, ಅಂದರೆ ಕ್ರೋಮೋಸೋಮಿನ ಲೆಕ್ಕ ನೋಡುವ ಟೆಸ್ಟ್, ಮಾಡಿಸಬಹುದು. 1986ರ ಆಗಸ್ಟ್ 6ರಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ, ಡಾ. ಇಂದಿರಾ ಹಿಂದುಜಾ ಅವರ ತಂಡದ ಕೈಯಲ್ಲಿ ಮುಂಬೈನ ಮೊದಲ ಐವಿಎಫ್ ಮಗು ಹರ್ಷಾ ಹುಟ್ಟಿದಾಗ ಇದೆಲ್ಲ ಎಲ್ಲಿತ್ತು? ಇಷ್ಟಾದರೂ, ಪಿಜಿಟಿಯಲ್ಲಿ ಪಾಸಾದ ಭ್ರೂಣಗಳಲ್ಲೂ ಎಷ್ಟೋ ನಿಲ್ಲೋದಿಲ್ಲ.

ಆಗ ಗರ್ಭಕೋಶದ ಕಡೆ ನೋಡಬೇಕು. ಒಳಪದರ 7 ಮಿಲಿಮೀಟರ್‌ಗಿಂತ ತೆಳು ಇದೆಯಾ, ಪಾಲಿಪ್ (ಒಳಪದರದಲ್ಲಿ ಬೆಳೆದ ಸಣ್ಣ ಗಂಟು) ಇದೆಯಾ, ಒಳಕ್ಕೆ ಚಾಚಿದ ಫೈಬ್ರಾಯ್ಡ್ ಗಡ್ಡೆ ಇದೆಯಾ? ನಮ್ಮ ದೇಶದಲ್ಲಿ ಹಳೇ ಟಿಬಿಯಿಂದಲೂ ಪದರ ಹಾಳಾಗಿರುತ್ತದೆ. ಸುಲಭವಾಗಿ ಕಣ್ತಪ್ಪುವ ಇನ್ನೊಂದು, ಅಂಡಾಣು ಸಾಗುವ ಟ್ಯೂಬಿನಲ್ಲಿ ತುಂಬಿದ ನೀರು. ಅದು ಗರ್ಭಕೋಶಕ್ಕೆ ಜಿನುಗಿ ಭ್ರೂಣವನ್ನು ಅಂಟಿಕೊಳ್ಳೋಕೆ ಬಿಡಲ್ಲ. ಸರ್ಜರಿ ಮಾಡಿ ಆ ಟ್ಯೂಬ್ ತೆಗೆಸಿ ಆಮೇಲೆ ಭ್ರೂಣ ಹಾಕಿಸಿಕೊಂಡರೆ ಫಲಿತಾಂಶ ಸುಧಾರಿಸುತ್ತದೆ.

ಇಷ್ಟನ್ನು ನೋಡದೆ ಕೆಲವು ಕಡೆ 'ಸ್ಕ್ರ್ಯಾಚಿಂಗ್ ಮಾಡೋಣ' ಅಂತಾರೆ, ಅಂದರೆ ಗರ್ಭಕೋಶದ ಒಳಪದರವನ್ನು ಸುಮ್ನೆ ಕೆರೆಯೋದು. 2019ರಲ್ಲಿ ಪ್ರಕಟವಾದ, ಸಾವಿರಕ್ಕೂ ಹೆಚ್ಚು ಮಹಿಳೆಯರ ಪ್ರಯೋಗದಲ್ಲಿ ಕೆರೆಸಿಕೊಂಡವರಲ್ಲೂ ಕೆರೆಸಿಕೊಳ್ಳದವರಲ್ಲೂ ಮಗು ಹುಟ್ಟಿದ್ದು ಶೇ. 26ರಷ್ಟು ಜನರಿಗೇ. ಬಿಲ್ಲಿನಲ್ಲಿ ಆ ಸಾಲು ಕಂಡರೆ, ಯಾಕೆ ಅಂತ ಡಾಕ್ಟರನ್ನು ಕೇಳಿ.