ಸೂರ್ಯ ಎಂದು ಬರೆಯಲಾಗದ ಹುಡುಗನಿಗೊಂದು ಶಾಲೆ

1896ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಅದರಲ್ಲಿ ಬರುವ ಪರ್ಸಿ ಎಂಬ ಹುಡುಗನಿಗೆ ಹದಿನಾಲ್ಕು ವರ್ಷ. ಆಟದಲ್ಲಿ ಚುರುಕು, ಮಾತಿನಲ್ಲಿ ಜಾಣ. ಏಳನೆಯ ವಯಸ್ಸಿನಿಂದ ಪಾಠ ಹೇಳಿಸಿಕೊಂಡಿದ್ದರೂ ಅವನಿಗೆ ಓದು ಹತ್ತಿರಲಿಲ್ಲ. ಓದು-ಬರಹ ಹತ್ತದ ಈ ತೊಡಕನ್ನೇ ಇಂದು ಡಿಸ್ಲೆಕ್ಸಿಯಾ ಎನ್ನುತ್ತಾರೆ. ತನ್ನ ಹೆಸರನ್ನೇ ಅಕ್ಷರ ಹಿಂದುಮುಂದಾಗಿಸಿ ‘ಪ್ರೆಸಿ’ ಎಂದು ಬರೆದಿದ್ದ. ವೈದ್ಯರು 749ನ್ನು 867ರಿಂದ ಗುಣಿಸಲು ಹೇಳಿದಾಗ ಮಾತ್ರ ಬೇಗನೆ, ತಪ್ಪಿಲ್ಲದೆ ಗುಣಿಸಿದ. ಉತ್ತರ 6,49,383. ಅವನಿಗೆ ಹಲವು ವರ್ಷ ಕಲಿಸಿದ್ದ ಮೇಷ್ಟ್ರ ಮಾತನ್ನೂ ಮಾರ್ಗನ್ ದಾಖಲಿಸಿದ್ದಾರೆ: ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಶಾಲೆಗೆಲ್ಲ ಇವನೇ ಜಾಣ.

ಆ ಮಾತನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹುಡುಗ ಜಾಣನೆಂದು ಮೇಷ್ಟ್ರಿಗೆ ಗೊತ್ತಿತ್ತು. ಯಾವ ದಾರಿಯಿಂದ ಹೋದರೆ ಪಾಠ ಅವನಿಗೆ ಮುಟ್ಟುತ್ತದೆ ಎಂಬುದೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಮಾಡಲು ಶಾಲೆಯ ರೂಢಿ ಬಿಡಲಿಲ್ಲ.

ನನ್ನ ಅಕ್ಕನ ಮಗನಿಗೆ ಆಗ ಒಂಬತ್ತು ವರ್ಷ, ನಾಲ್ಕನೆಯ ತರಗತಿ. ರಜೆಗೆಂದು ಊರಿಗೆ ಬಂದಿದ್ದ. ತೋಟದ ಪಂಪು ಸದ್ದು ಮಾಡುತ್ತಿತ್ತೇ ಹೊರತು ನೀರು ಎತ್ತುತ್ತಿರಲಿಲ್ಲ. ನಾವು ದೊಡ್ಡವರು ಮೂವರು ಮೋಟಾರು ಬಿಚ್ಚುವ ಮಾತಾಡುತ್ತಿದ್ದಾಗ ಇವನು ಪೈಪಿಗೆ ಕಿವಿಯಿಟ್ಟು ಕೂತಿದ್ದ. “ಮಾಮ, ಮೋಟಾರು ಸರಿಯಾಗಿದೆ. ನೀವು ಸುರಿದ ನೀರು ಪೈಪಿನಲ್ಲಿ ನಿಲ್ಲುತ್ತಿಲ್ಲ, ಕೆಳಗಿಳಿದು ಹೋಗುತ್ತಿದೆ. ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿರಬೇಕು” ಎಂದ. ಪೈಪು ಎತ್ತಿ ನೋಡಿದರೆ ವಾಲ್ವಿನ ಬಾಯಲ್ಲಿ ಅಡಿಕೆ ಸಿಪ್ಪೆಯ ಚೂರು.

ಅದೇ ಸಂಜೆ ಅವನ ಕನ್ನಡ ನೋಟ್‌ಬುಕ್ ತೆರೆದೆ. ‘ಪುಸ್ತಕ’ ಹೋಗಿ ‘ಪುಸಕ’ ಆಗಿತ್ತು, ‘ಅಜ್ಜಿ’ ಹೋಗಿ ‘ಅಜಿ’. ‘ಸೂರ್ಯ’ ಒಂದೊಂದು ಸಾಲಿನಲ್ಲಿ ಒಂದೊಂದು ರೂಪ ತಾಳಿತ್ತು. ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ‘ಗಮನವಿಲ್ಲ, ಹತ್ತು ಸಲ ಬರೆ’ ಎಂದಿತ್ತು. ಹತ್ತು ಸಲ ಬರೆದಿದ್ದ, ಹತ್ತೂ ತಪ್ಪು. ಪೆನ್ಸಿಲನ್ನು ಎಷ್ಟು ಒತ್ತಿದ್ದನೆಂದರೆ ಹಾಳೆಯ ಹಿಂಬದಿಯಲ್ಲಿ ಅಕ್ಷರಗಳು ಬೆರಳಿಗೆ ತಾಕುತ್ತಿದ್ದವು. ಗಮನವಿಲ್ಲದ ಮಗು ಹಾಗೆ ಒತ್ತಿ ಬರೆಯುವುದಿಲ್ಲ.

ಮಾತು ಮನುಷ್ಯನಿಗೆ ಹುಟ್ಟಿನಿಂದ ಒಲಿಯುವ ವಿದ್ಯೆ. ಬರಹ ಹಾಗಲ್ಲ, ಅದಕ್ಕೆ ಸುಮಾರು ಐದು ಸಾವಿರ ವರ್ಷಗಳ ಇತಿಹಾಸವಷ್ಟೇ ಇದೆ. ಓದಿಗೆಂದೇ ಮಿದುಳಿನಲ್ಲಿ ಒಂದು ಜಾಗ ವಿಕಾಸವಾಗಲು ಈ ಅವಧಿ ಏನೇನೂ ಸಾಲದು. ಓದು ಕಲಿಯುವ ಪ್ರತಿ ಮಗುವೂ ಮುಖ, ವಸ್ತುಗಳನ್ನು ಗುರುತಿಸುವ ಎಡ ಮಿದುಳಿನ ತಳಭಾಗದ ಒಂದು ತುಣುಕನ್ನು ಅಕ್ಷರಗಳಿಗೆ ಬಿಟ್ಟುಕೊಡಬೇಕು, ಅದನ್ನು ಮಾತಿನ ಸದ್ದುಗಳನ್ನು ಸಂಭಾಳಿಸುವ ಭಾಗಕ್ಕೆ ಜೋಡಿಸಬೇಕು. ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ಡೆಹೇನ್ ಇದನ್ನು ಹಳೆಯ ನರಜಾಲದ ಮರುಬಳಕೆ ಎಂದು ಕರೆಯುತ್ತಾರೆ. ಡಿಸ್ಲೆಕ್ಸಿಯಾ ಇರುವ ಮಗುವಿನಲ್ಲಿ ಸದ್ದಿಗೂ ಅಕ್ಷರಕ್ಕೂ ನಡುವಿನ ಈ ಬೆಸುಗೆ ನಿಧಾನವಾಗಿ, ಬಹಳ ಶ್ರಮದಿಂದ ಆಗುತ್ತದೆ.

ಈ ತೊಡಕಿಗೂ ಬುದ್ಧಿಮತ್ತೆಗೂ ಸಂಬಂಧವಿದೆಯೇ? ಅಮೆರಿಕದ ಸಂಶೋಧಕರು ಓದಲು ತಿಣುಕುವ ಮಕ್ಕಳಲ್ಲಿ ಬುದ್ಧಿಸೂಚ್ಯಂಕ ಹೆಚ್ಚಿರುವವರನ್ನೂ ಕಡಿಮೆ ಇರುವವರನ್ನೂ ಸ್ಕ್ಯಾನರಿನೊಳಗೆ ಮಲಗಿಸಿ, ಪ್ರಾಸ ಹೊಂದುವ ಪದಗಳನ್ನು ಗುರುತಿಸಲು ಕೊಟ್ಟರು. ಸದ್ದುಗಳನ್ನು ಬಿಡಿಸುವ ಮಿದುಳಿನ ಭಾಗಗಳು ಎರಡೂ ಗುಂಪಿನಲ್ಲಿ ಒಂದೇ ರೀತಿ ಮಂದವಾಗಿದ್ದವು. 2011ರಲ್ಲಿ ಪ್ರಕಟವಾದ ಈ ಅಧ್ಯಯನ ಮುಖ್ಯವಾದದ್ದು. ಓದಿನ ತೊಡಕು ಬೇರೆ, ಬುದ್ಧಿ ಬೇರೆ. ಎರಡೂ ಒಂದೇ ತಲೆಯಲ್ಲಿ ಅಕ್ಕಪಕ್ಕ ವಾಸಿಸಬಲ್ಲವು.

ನಮ್ಮ ಲಿಪಿಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಇಂಗ್ಲಿಷ್ ಕಲಿಯುವ ಮಗುವಿಗೆ 26 ಅಕ್ಷರ. ಕನ್ನಡದ 34 ವ್ಯಂಜನಗಳಿಗೆ ಹದಿನೈದರಂತೆ ಕಾಗುಣಿತ ಬರೆಸಿದರೆ 510 ರೂಪಗಳಾಗುತ್ತವೆ, ಒತ್ತಕ್ಷರಗಳು ಬೇರೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ ಸಂಶೋಧನೆ ಹೇಳುವಂತೆ, ಯಾವ ತೊಡಕೂ ಇಲ್ಲದ ಮಕ್ಕಳಿಗೂ ಅಕ್ಷರಗಳ ಹಿಡಿತ ಪೂರ್ತಿ ಸಿಗಲು ನಾಲ್ಕನೆಯ ತರಗತಿಯವರೆಗೆ ಬೇಕು. ಹೀಗಾಗಿ ಎರಡನೆಯ ತರಗತಿಯಲ್ಲಿ ತಪ್ಪು ಕಂಡಾಗ ‘ಎಲ್ಲ ಮಕ್ಕಳೂ ಹೀಗೆಯೇ, ಸರಿಹೋಗುತ್ತಾನೆ’ ಎನ್ನುವುದು ಸುಲಭ. ಅರ್ಕಾವೊತ್ತನ್ನು ಗಮನಿಸಿ. ‘ಸೂರ್ಯ’ದಲ್ಲಿ ನಾಲಿಗೆ ಮೊದಲು ರ್ ಎನ್ನುತ್ತದೆ, ಆಮೇಲೆ ಯ. ಬರೆಯುವ ಕೈ ಮೊದಲು ಯ ಬರೆದು ಆಮೇಲೆ ಅದರ ಪಕ್ಕದಲ್ಲಿ ಅರ್ಕಾವೊತ್ತು ಹಾಕಬೇಕು. ಕಿವಿಯ ಕ್ರಮ ಒಂದು, ಕಣ್ಣಿನ ಕ್ರಮ ಇನ್ನೊಂದು. ನಮಗೆ ಅಭ್ಯಾಸವಾಗಿರುವುದರಿಂದ ಈ ತಿರುವುಮುರುವು ಕಾಣುವುದೇ ಇಲ್ಲ. ನನ್ನ ಸೋದರಳಿಯ ಪ್ರತಿ ಸಲವೂ ಅಲ್ಲಿ ಎಡವುತ್ತಿದ್ದ.

ಜಾಣ ಮಗುವಿನ ತೊಡಕು ಬಚ್ಚಿಟ್ಟುಕೊಳ್ಳುವುದರಲ್ಲಿ ನಿಪುಣ. ಚಿತ್ರ ನೋಡಿ, ಮೊದಲ ಅಕ್ಷರ ಹಿಡಿದು, ಕಥೆಯ ಜಾಡು ಊಹಿಸಿ ಮಗು ಓದಿದಂತೆ ಮಾಡುತ್ತದೆ. ಅದರ ಜಾಣತನ ತೊಡಕನ್ನು ಮುಚ್ಚುತ್ತದೆ, ತೊಡಕು ಜಾಣತನವನ್ನು ಮುಚ್ಚುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಅರವತ್ತು ಅಂಕದ ಸಾಧಾರಣ ಹುಡುಗ. ಬುದ್ಧಿಮತ್ತೆಯ ಪರೀಕ್ಷೆ ಮಾಡಿಸಿದರೂ ಸರಾಸರಿಯೊಂದನ್ನೇ ನೋಡಿದರೆ ಇದೇ ಮೋಸ. ತರ್ಕದಲ್ಲಿ 130, ಅಕ್ಷರ-ಅಂಕಿ ನೆನಪಿಟ್ಟುಕೊಳ್ಳುವುದರಲ್ಲಿ 80 ಬಂದರೆ ನಡುವಿನ 105 ಎಂಬ ಸಂಖ್ಯೆ ಯಾರದ್ದೂ ಅಲ್ಲ, ಆ ಮಗುವಿನದ್ದಂತೂ ಅಲ್ಲವೇ ಅಲ್ಲ. ವರದಿ ಕೈಗೆ ಬಂದಾಗ ಉಪಪರೀಕ್ಷೆಗಳ ಅಂಕಗಳನ್ನು ಒಂದೊಂದಾಗಿ ವಿವರಿಸಿ ಎಂದು ಕೇಳಲೇಬೇಕು. ಈ ಬಗೆಯ ಪರೀಕ್ಷೆಗಳು ನಮಗೆ ಹೊಸವೇನಲ್ಲ. ವಿ.ವಿ. ಕಾಮತರು ಬಿನೆ ಬುದ್ಧಿಮಾಪನವನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದ ಕೆಲಸ ಪ್ರಕಟವಾಗಿದ್ದು 1934ರಲ್ಲಿ. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ಮನೋವಿಜ್ಞಾನಿಗಳ ಕೋಣೆಯಲ್ಲಿ ಇಂದಿಗೂ ಕೇಳಿಬರುತ್ತದೆ.

ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯನ್ನು ಗುರುತಿಸಲು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನೇ 2018ರ ಜನವರಿಯ ಕೇಂದ್ರ ಮಾರ್ಗಸೂಚಿ ಹೆಸರಿಸಿತ್ತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಮಕ್ಕಳ ತಪಾಸಣೆ ನಡೆಯುತ್ತದೆ. ಆ ಮಾರ್ಗಸೂಚಿಯ ಪ್ರಕಾರ ಎಂಟು ವರ್ಷ ತುಂಬುವವರೆಗೆ ಪ್ರಮಾಣಪತ್ರ ಸಿಗುತ್ತಿರಲಿಲ್ಲ. ಆದರೆ ಪ್ರಮಾಣಪತ್ರ ಬೇರೆ, ನೆರವು ಬೇರೆ. ಆರನೆಯ ವಯಸ್ಸಿನಲ್ಲಿ ಪ್ರಾಸ ಹಿಡಿಯಲಾರದ, ಎಷ್ಟು ತೀಡಿದರೂ ಅಕ್ಷರ ನೆನಪಿನಲ್ಲಿ ನಿಲ್ಲದ ಮಗುವಿಗೆ ಆರನೆಯ ವಯಸ್ಸಿನಲ್ಲೇ ನೆರವು ಬೇಕು.

ಶಾಲೆ ಹುಡುಕಲು ಅಕ್ಕನ ಜೊತೆ ನಾನೂ ಹೋಗಿದ್ದೆ. ಮೊದಲನೆಯ ಶಾಲೆಯಲ್ಲಿ ಬಹಳ ನಯವಾಗಿ ‘ನಮ್ಮಲ್ಲಿ ಅಂಥ ಮಕ್ಕಳಿಗೆ ಸೌಲಭ್ಯವಿಲ್ಲ’ ಎಂದರು. ಹೀಗೆನ್ನುವುದಕ್ಕೆ ಅವಕಾಶವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಸರ್ಕಾರದ ಮಾನ್ಯತೆ ಪಡೆದ ಶಾಲೆ ತಾರತಮ್ಯವಿಲ್ಲದೆ ಮಗುವನ್ನು ಸೇರಿಸಿಕೊಳ್ಳಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಿ ತಕ್ಕಂತೆ ಪಾಠ ಹೇಳಬೇಕು ಎಂದು ಅದರ 16ನೆಯ ಸೆಕ್ಷನ್ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಎಲ್ಲವೂ 17ನೆಯ ಸೆಕ್ಷನ್‌ನಲ್ಲಿವೆ. ಸರ್ಕಾರಿ ಶಾಲೆಯ ಮಗುವಾದರೆ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು, ಅಂದರೆ ಬಿಐಇಆರ್‌ಟಿಯನ್ನು ಕೇಳಬಹುದು.

ಎರಡನೆಯ ಶಾಲೆಯ ಗೇಟಿನಲ್ಲೇ ‘ಎಲ್ಲ ಮಕ್ಕಳಿಗೂ ಸ್ವಾಗತ’ ಎಂಬ ಫಲಕ. ವಿಶೇಷ ಶಿಕ್ಷಕಿಗೆ ಪ್ರತ್ಯೇಕ ಕೋಣೆಯೂ ಇತ್ತು. ಅಕ್ಕನಿಗೆ ಕಣ್ಣು ತುಂಬಿ ಬಂತು. ವೇಳಾಪಟ್ಟಿ ಕೇಳಿದೆವು. ಓದಿನಲ್ಲಿ ಹಿಂದಿರುವ ಮಕ್ಕಳನ್ನು ವಿಜ್ಞಾನ ಮತ್ತು ಚಿತ್ರಕಲೆಯ ಅವಧಿಯಲ್ಲಿ ಆ ಕೋಣೆಗೆ ಕಳುಹಿಸುತ್ತಾರಂತೆ. “ಮೊದಲು ಓದಲು ಬರಲಿ, ಆಮೇಲೆ ಮಿಕ್ಕಿದ್ದು” ಎಂದರು ಸಂಯೋಜಕಿ.

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು, ಆದರೂ ನಾನು ಇದನ್ನು ಪೂರ್ತಿ ವಿರೋಧಿಸುತ್ತೇನೆ. ಈ ಮಗು ದಿನವಿಡೀ ಸೋಲುವ ಜಾಗಗಳ ನಡುವೆ ಗೆಲ್ಲುವ ಜಾಗ ವಿಜ್ಞಾನದ ಅವಧಿಯೊಂದೇ. ಅದನ್ನೇ ಕಿತ್ತುಕೊಂಡು ಆ ಹೊತ್ತಿನಲ್ಲಿ ಕಾಗುಣಿತ ತಿದ್ದಿಸಿದರೆ ಓದು ಬರುವ ಮೊದಲೇ ಮಗು ಶಾಲೆಯನ್ನು ಮನಸ್ಸಿನಿಂದ ಬಿಟ್ಟಿರುತ್ತದೆ. ಓದಿನ ಅಭ್ಯಾಸ ಬೇಡವೆಂದಲ್ಲ. ಸದ್ದು ಬಿಡಿಸಿ, ಅಕ್ಷರಕ್ಕೆ ಜೋಡಿಸಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಪ್ರತಿದಿನ ಮಾಡಿಸುವ ಕ್ರಮಬದ್ಧ ಅಭ್ಯಾಸದಿಂದ ಓದು ಸುಧಾರಿಸುತ್ತದೆ. ಆದರೆ ಅದೇ ವಾರದಲ್ಲಿ ಅವನ ತಲೆಗೆ ತಕ್ಕಷ್ಟು ಗಟ್ಟಿಯಾದ ಲೆಕ್ಕ, ಗಟ್ಟಿಯಾದ ಪ್ರಶ್ನೆ ಸಿಗಬೇಕು. ಪಾಠವನ್ನು ಯಾರಾದರೂ ಓದಿ ಹೇಳಲಿ, ಮೊಬೈಲ್ ಓದಿ ಹೇಳಲಿ. ಅವನು ಉತ್ತರವನ್ನು ಬಾಯಲ್ಲಿ ಹೇಳಲಿ, ಚಿತ್ರ ಬರೆದು ತೋರಿಸಲಿ. ಕನ್ನಡಕ ಹಾಕಿದ ಮಗುವನ್ನು ‘ಮೊದಲು ಕಣ್ಣು ಸರಿಮಾಡಿಕೊಂಡು ಬಾ, ಆಮೇಲೆ ಬೋರ್ಡು ನೋಡು’ ಎಂದು ಯಾರೂ ಕಳುಹಿಸುವುದಿಲ್ಲವಲ್ಲ.

ಹಾಗಾಗಿ ಶಾಲೆಗೆ ಕಾಲಿಟ್ಟಾಗ ಕಟ್ಟಡ, ಫಲಕ, ಫಲಿತಾಂಶದ ಪಟ್ಟಿಗಳಿಗಿಂತ ಮೊದಲು ನಾವು ಕೇಳತೊಡಗಿದ್ದು ಒಂದೇ ಪ್ರಶ್ನೆ: ಓದಲಾಗದ, ಆದರೆ ಅರ್ಥಮಾಡಿಕೊಳ್ಳಬಲ್ಲ ಮಗುವಿಗೆ ನಾಳೆಯ ವಿಜ್ಞಾನದ ಪಾಠವನ್ನು ಹೇಗೆ ಮುಟ್ಟಿಸುತ್ತೀರಿ? ‘ಪ್ರೀತಿಯಿಂದ ನೋಡಿಕೊಳ್ಳುತ್ತೇವೆ’ ಎಂಬ ಉತ್ತರ ಬಂದರೆ ಸಾಲದು. ಪರೀಕ್ಷಾ ಮಂಡಳಿಯ ಬಗ್ಗೆಯೂ ಆರಂಭದಲ್ಲೇ ಕೇಳಿ ತಿಳಿಯಬೇಕು. ಸಿಬಿಎಸ್‌ಇ ಗಂಟೆಗೆ 20 ನಿಮಿಷ ಹೆಚ್ಚು ಕೊಡುತ್ತದೆ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ವಿಷಯಗಳ ಆಯ್ಕೆಗೆ ಹೆಚ್ಚು ಸ್ವಾತಂತ್ರ್ಯವಿದೆ.

ಮೂರನೆಯದು ಹೆಂಚಿನ ಮಾಡಿನ ಚಿಕ್ಕ ಶಾಲೆ. ವಿಶೇಷ ಶಿಕ್ಷಕರು ವಾರಕ್ಕೆ ಎರಡು ದಿನ ಮಾತ್ರ ಬರುತ್ತಿದ್ದರು. ನಮ್ಮ ಪ್ರಶ್ನೆ ಕೇಳಿ ತರಗತಿಯ ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನನ್ನೇ ಕೇಳುತ್ತೇನೆ” ಎಂದರು. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಂಪಿನ ಕಥೆ ಹೇಳಿಸಿದರು, ಫುಟ್‌ವಾಲ್ವಿನ ಚಿತ್ರ ಬರೆಸಿದರು, ನಡುನಡುವೆ ನಿಜವಾಗಿ ತಿಳಿದುಕೊಳ್ಳುವವರಂತೆ ಪ್ರಶ್ನೆ ಹಾಕಿದರು. ಅರ್ಧ ಗಂಟೆಯಾದ ಮೇಲೆ ಅವನ ನೋಟ್‌ಬುಕ್ ತೆರೆದು ಕೆಂಪು ಶಾಯಿಯ ಪುಟ ನೋಡಿದರು.

“ಇದನ್ನು ಬರೆಯಲು ಇನ್ನೊಂದು ದಾರಿ ಇದೆ, ಗೊತ್ತೇ?” ಎಂದು ಹಲಗೆ ತೆಗೆದುಕೊಂಡರು. ‘ಸೂ’ ಬರೆದರು. ಪಕ್ಕದಲ್ಲಿ ಪೂರ್ತಿ ‘ರ’ ಬರೆದು ಅದಕ್ಕೆ ‘ಯ’ ಒತ್ತು ಕೊಟ್ಟರು: ಸೂರ‍್ಯ. ನಾಲಿಗೆ ಹೇಳುವ ಕ್ರಮದಲ್ಲೇ ಅಕ್ಷರಗಳು ಕೂತವು. “ಸದ್ಯಕ್ಕೆ ನೀನು ಹೀಗೆ ಬರೆ. ಇದೂ ಸರಿಯೇ.”

ಅವನು ಬಳಪ ತೆಗೆದುಕೊಂಡು ತುಟಿ ಅಲುಗಿಸುತ್ತಾ ನಿಧಾನವಾಗಿ ಬರೆದ. ಮೇಡಂ ಅದರ ಕೆಳಗೆ ಏನೂ ಬರೆಯಲಿಲ್ಲ. “ಈಗ ಹೇಳು, ವಾಲ್ವ್ ಒಂದೇ ಕಡೆಗೆ ಏಕೆ ತೆರೆಯುತ್ತದೆ?” ಎಂದು ಕೇಳಿದರು.